ಗೆದ್ದಲು ತಿಂದ ಮಾತು

ಮೊನ್ನೆ ಸೊರಬದ ಲೈಬ್ರರಿಯ ಹುಡುಗಿ ಹಳೆಯದೊಂದು ನೋಟುಬುಕ್ಕನ್ನು ತಂದು ನನ್ನ ಮಡಿಲಲ್ಲಿಟ್ಟಳು. ತೆರೆದೆ. ಒಣಗಿದ ಬೇವಿನೆಲೆಯ ವಾಸನೆ... ಅದರ ಹಿಂದೆಯೇ ಮಾಸ್ತರರು ಬಂದು ನಿಂತಂತಾಯಿತು.

ಐವತ್ತರ ದಶಕದ ಕೊನೆ. ನಾನು ಶಿಕಾರಿಪುರದ ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಹೊಸದಾಗಿ ಬಂದಿದ್ದೆ. ಪೇಟೆಯ ತಗಡಿನ ಥಿಯೇಟರಿಗೆ ನಾಟಕ ಕಂಪನಿಗಳು ಬರುವುದು ನಿಂತಿತ್ತು. ಸುಗ್ಗಿಯ ಹೊತ್ತಿಗೆ ಅದನ್ನು ಭತ್ತದ ಗೋದಾಮು ಮಾಡುವುದೆಂದು ಮಾಲೀಕರು ನಿರ್ಧರಿಸಿದ್ದರು. ಅಲ್ಲಿ ಪರದೆಯ ಮರೆಯಲ್ಲಿ ನಿಂತು ನಟರಿಗೆ ಮಾತು ನೆನಪಿಸುತ್ತಿದ್ದವರು ಮಾಸ್ತರರು. ಮೂವತ್ತು ವರ್ಷದ ನಾಟಕದ ಪ್ರತಿಗಳು, ಹ್ಯಾಂಡ್‌ಬಿಲ್ಲುಗಳು, ಫೋಟೊಗಳು, ಎಲ್ಲವನ್ನೂ ಮೂರು ಟ್ರಂಕುಗಳಲ್ಲಿ ಬೇವಿನೆಲೆ ಹಾಕಿ ಕಾಪಾಡಿಕೊಂಡು ಬಂದಿದ್ದರು.

"ಅಕ್ಕೋರೇ, ನಿಮ್ಮ ಅಕ್ಷರ ದುಂಡಗದಾವೆ. ಎರಡೆರಡು ಪ್ರತಿ ಬರದುಕೊಡ್ರಿ. ಒಂದು ಇಲ್ಲಿನ ಲೈಬ್ರರಿಗೆ, ಒಂದು ಸೊರಬದ ಲೈಬ್ರರಿಗೆ. ಬೇಕಾದೋರು ಓದ್ಲಿ," ಎಂದರು.

ಶಾಲೆ ಬಿಟ್ಟ ಮೇಲೆ ಖಾಲಿ ರಂಗದ ಪಕ್ಕ ಕೂತು ಬರೆಯುತ್ತಿದ್ದೆ. ಒಂದು ನಾಟಕದಲ್ಲಿ ನಾಯಕಿಯ ಕಡೆಯ ಮಾತನ್ನು ಗೆದ್ದಲು ತಿಂದಿತ್ತು. ಆ ಪಾತ್ರ ಮಾಡುತ್ತಿದ್ದ ಹೊಸಬಾಳೆಯ ಹೆಂಗಸು ಜ್ವರದಲ್ಲಿ ತೀರಿಕೊಂಡು ಏಳೆಂಟು ವರ್ಷವಾಗಿತ್ತು. ಮಾಸ್ತರರಿಗೂ ಆ ಮಾತು ನೆನಪಾಗಲಿಲ್ಲ. ಜಾಗ ಬಿಟ್ಟು ಮುಂದೆ ಹೋಗಲೆ ಎಂದು ಕೇಳಿದೆ. ಅವರು ಪರದೆಯ ಮರೆಗೆ ಹೋಗಿ ನಿಂತು, ಆ ಮಾತಿಗೆ ಮೊದಲು ಬರುವ ಸಾಲನ್ನು ಪಿಸುದನಿಯಲ್ಲಿ ಹೇಳಿ ಕಾದರು.

ಬಿಸಿಲಿಗೆ ತಗಡು ಚಟಚಟ ಎನ್ನುತ್ತಿತ್ತು. ಅದೂ ನಿಂತಿತು... ಆಮೇಲೆ ರಂಗದ ನಡುವಿನಿಂದ ದಣಿದ ಹೆಣ್ಣುದನಿಯೊಂದು ಬಂತು: "ಬಾಗ್ಲು ಹಾಕ್‌ಬ್ಯಾಡ. ನಾನಿನ್ನೂ ಒಳಗಿದೀನಿ."

ಮಾಸ್ತರರ ಬಾಯಿ ಮುಚ್ಚಿತ್ತು. ನಾನು ಅವರನ್ನೇ ನೋಡುತ್ತಿದ್ದೆ. ಕೈ ಮಾತ್ರ ತಾನಾಗಿ ಬರೆದುಕೊಂಡಿತ್ತು.

"ನಿಮಗೂ ಕೇಳ್ತಾ?" ಎಂದರು. ತಲೆಯಾಡಿಸಿದೆ.

ಮುಂದಿನ ಭಾನುವಾರ ಸೊರಬದ ಪ್ರತಿಯನ್ನು ಕೊಡಲು ಹೊರಟೆವು. ಮೊದಲು ಹೊಸಬಾಳೆಗೆ ಹೋಗಿ ಆಕೆಯ ತಂಗಿಗೆ ಓದಿ ಹೇಳೋಣ ಎಂದರು ಮಾಸ್ತರರು. ಅಕ್ಕನ ಪಾತ್ರವೆಲ್ಲ ತಂಗಿಗೆ ಬಾಯಿಪಾಠವಿತ್ತಂತೆ. ನಾನು ಆ ಸಾಲು ಓದಿದೆ. ಅಕ್ಕಿ ಕೇರುತ್ತಿದ್ದ ಆಕೆ ಮೊರ ಕೆಳಗಿಟ್ಟಳು.

"ಇದು ನಾಟಕದ ಮಾತಲ್ಲ ಮಾಸ್ತ್ರೇ. ಅಕ್ಕ ಸಾಯೋ ದಿನ ನನ್ ಹತ್ರ ಹೇಳಿದ್ದು. ಅಲ್ಲಿ ನಾನ್ ಬಿಟ್ರೆ ಯಾರೂ ಇರ್ಲಿಲ್ಲ... ನಿಮಗ್ಯಾರು ಹೇಳಿದ್ದು?"

ಮಾಸ್ತರರು ನನ್ನ ಕಡೆ ನೋಡಿದರು. ಸಾಲನ್ನು ಹೊಡೆದುಹಾಕಲೆ ಎಂದು ನಾನೇ ಕೇಳಿದೆ.

"ಬ್ಯಾಡ. ಇರ್ಲಿ," ಎಂದಳು. ನಾಟಕದ ಮಾತನ್ನೂ ಆಕೆಯೇ ಹೇಳಿಕೊಟ್ಟಳು. ಅದನ್ನು ಕೆಳಗೆ ಬರೆದುಕೊಂಡೆ.

ಸುಗ್ಗಿಗೆ ಭತ್ತದ ಮೂಟೆಗಳು ಬಂದವು. ಬೀಗ ಹಾಕುವಾಗ ಮಾಸ್ತರರು ಬಾಗಿಲಿಗೆ ಅಡ್ಡ ನಿಂತರು. ಹಮಾಲರು ನಕ್ಕು, ಮೆಲ್ಲಗೆ ಅವರನ್ನು ಪಕ್ಕಕ್ಕೆ ಸರಿಸಿದರು. ಬೀಗ ಬಿದ್ದ ಮೇಲೂ ಬಹಳ ಹೊತ್ತು ಬಾಗಿಲಿಗೆ ಕಿವಿಯಿಟ್ಟು ನಿಂತೇ ಇದ್ದರು. ಮುಂಗಾರು ಹಿಡಿಯುವ ಮೊದಲೇ ಅವರೂ ಹೋದರು.

ಶಿಕಾರಿಪುರದ ಪ್ರತಿ ಏನಾಯಿತೋ ತಿಳಿಯದು. ಸೊರಬದ್ದು ಉಳಿದಿದೆ. ಲೈಬ್ರರಿಯ ಹುಡುಗಿ ಅದನ್ನು ಎಲ್ಲರೂ ಫೋನಿನಲ್ಲೇ ಓದುವ ಹಾಗೆ ಮಾಡುತ್ತಾಳಂತೆ.

"ಅಜ್ಜಿ, ಇದನ್ನೆಲ್ಲ ಉಳಿಸಿದೋರದ್ದು ಒಂದು ಫೋಟೊ ಇದ್ರೆ ಕೊಡಿ. ಮೊದಲ್ನೇ ಪುಟಕ್ಕೆ ಹಾಕ್ತೀನಿ," ಎಂದಳು.

ಟ್ರಂಕಿನ ಅಷ್ಟೂ ಫೋಟೊಗಳಲ್ಲಿ ಮಾಸ್ತರರದು ಒಂದೂ ಇರಲಿಲ್ಲ. ಅವರ ಮುಖವನ್ನಾದರೂ ಬಣ್ಣಿಸಿ ಹೇಳೋಣವೆಂದು ಬಾಯಿ ತೆರೆದೆ... ನೆನಪಾಗಲಿಲ್ಲ.