ತೊಗರಿ ಸಾಲಿನ ಮೂರು ನಿಮಿಷ

ಹೊರ್ತಿಯ ವಿಜಯಶ್ರೀ ಹದಿನಾಲ್ಕು ವರ್ಷಗಳಿಂದ ಮದುವೆ ವಿಡಿಯೊ ತೆಗೆಯುತ್ತಾಳೆ. ಇಂಡಿ, ಸಿಂದಗಿ ಕಡೆಯ ಎಷ್ಟೋ ಮದುಮಕ್ಕಳ ಅಳು ಅವಳ ಕ್ಯಾಮೆರಾದಲ್ಲಿದೆ. ಆ ಅಳುವಿನ ಸದ್ದನ್ನು ಮಾತ್ರ ಯಾರೂ ಕೇಳಿಲ್ಲ. ಮೇಲೊಂದು ಹಾಡು ಹೊದಿಸಿದರೆ ಅವಳ ಕೆಲಸ ಮುಗಿಯಿತು.

ಅವಳ ನಿದ್ದೆ ಕೆಡಿಸಿದ್ದು ಕಾಕಾ ಬಸಂತರಾಯರ ಹೊಲದ ಒಣ ಬೋರು. ನೀರು ಬೀಳಲಿಲ್ಲವೆಂದು ಕಾಕಾ ಅದರ ಕೇಸಿಂಗ್ ಪೈಪು ಕಿತ್ತು ಹೊಸ ಬೋರಿಗೆ ಹಾಕಿಸಿದರು. ತೆರೆದ ಬಾಯಿಗೆ ಗೋಣಿಚೀಲ ಹಾಸಿ, ಎರಡು ಕಲ್ಲಿಟ್ಟು ಕೈ ತೊಳೆದುಕೊಂಡರು. ಪಕ್ಕದಲ್ಲೇ ಶಾಲೆ ಮಕ್ಕಳ ಕಾಲುದಾರಿ.

“ಮುಚ್ಚಸ್ರಿ ಕಾಕಾ.”

“ದೀಪಾವಳಿ ಆಗ್ಲಿ ಬಿಡವಾ. ಅಲ್ಲಿ ಯಾರ್ ಹೋಗ್ತಾರ?”

ದೀಪಾವಳಿ ಹೋಯಿತು. ತೊಗರಿ ಮಕ್ಕಳ ತಲೆ ಮೀರಿ ಬೆಳೆದು, ಆ ಬಾಯಿ ಕಾಣಿಸುವುದೂ ನಿಂತಿತು. ಹೇಳಿ ಹೇಳಿ ಸಾಕಾದವಳು ಮೂರು ನಿಮಿಷದ ಕಿರುಚಿತ್ರ ಮಾಡಿದಳು. ಹುಟ್ಟುಗುಣ ಸುಟ್ಟರೂ ಹೋಗದು ನೋಡಿ, ಅದರಲ್ಲೂ ಡ್ರೋನು, ಡೋಲು, ನಿಧಾನಕ್ಕೆ ತೂಗುವ ಹೂವು! “ನಮ್ಮ ಹೊಲ ಭಾಳ ಚಂದ ಬಂದೈತಿ” ಎಂದರು ಕಾಕಾ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಮೇಲಿನಿಂದ ನೋಡಿದವರಿಗೆ ಭಯ ಎಲ್ಲಿ ಗೊತ್ತಾಗಬೇಕು?

ಎರಡನೇ ಸಲ ಸಂಗೀತವನ್ನೆಲ್ಲ ಕಿತ್ತೆಸೆದಳು. ಮಕ್ಕಳನ್ನು ಆ ಕಡೆ ಕರೆದೊಯ್ಯುವ ಮಾತೇ ಇಲ್ಲ. ಕೂಸಿನ ಕಾಲ್ಗೆಜ್ಜೆಯೊಂದನ್ನು ತನ್ನ ಮುಂಗೈಗೇ ಕಟ್ಟಿಕೊಂಡಳು. ಕ್ಯಾಮೆರಾವನ್ನು ಐದು ವರ್ಷದ ಕೂಸಿನ ಕಣ್ಣಿನ ಎತ್ತರಕ್ಕೆ ಹಿಡಿದು, ಸೊಂಟ ಬಗ್ಗಿಸಿ ತೊಗರಿ ಸಾಲಿನೊಳಗೆ ನಡೆದಳು.

ಮರುದಿನ ಮಧ್ಯಾಹ್ನ ಕಾಕಾರ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದಳು. ಪರದೆಯಲ್ಲಿ ಬರೀ ತೊಗರಿ ಗಿಡ, ಆಕಾಶವೇ ಇಲ್ಲ. ಗೆಜ್ಜೆ ಮೆಲ್ಲಗೆ ಘಲ್ ಎನ್ನುತ್ತಿತ್ತು. ಕ್ಯಾಮೆರಾ ಒಂದು ಚಿಟ್ಟೆಯ ಹಿಂದೆ ತಿರುಗಿತು, ಗೆಜ್ಜೆ ಓಡತೊಡಗಿತು. ಕಾಕಾ ಕೈಯಲ್ಲಿದ್ದ ಚಹಾ ಮರೆತರು. ಎಲೆಗಳ ಸಂದಿಯಲ್ಲಿ ಗೋಣಿಚೀಲದ ಅಂಚು ಕಂಡಿತು, ಮರೆಯಾಯಿತು. ಮತ್ತೆ ಕಂಡಾಗ ತೀರಾ ಹತ್ತಿರವಿತ್ತು. ಒಂದು ಕಲ್ಲು ಸರಿದಿತ್ತು.

“ನಿಂದರವಾ… ಅಲ್ಲೇ ನಿಂದರು” ಎಂದರು ಕಾಕಾ, ಪರದೆಗೆ.

ಗೆಜ್ಜೆ ಥಟ್ಟನೆ ನಿಂತಿತು. ಗಾಳಿಯ ಸದ್ದೂ ಇಲ್ಲ. ಚೀಲದ ನಡುವೆ ಒಂದು ಕರಿ ತೂತು, ಅಷ್ಟೇ.

“ಮುಕ್ತಾ! ಏ ಮುಕ್ತಾ!” ಮೊಮ್ಮಗಳನ್ನು ಕೂಗುತ್ತ ಕಾಕಾ ಎದ್ದ ರಭಸಕ್ಕೆ ಚಹಾ ಚೆಲ್ಲಿತು.

ಮುಕ್ತಾ ಅವರ ಬೆನ್ನ ಹಿಂದೆಯೇ ಹೊಸ್ತಿಲ ಮೇಲೆ ಕುಳಿತು ಶೇಂಗಾ ಹೋಳಿಗೆ ತಿನ್ನುತ್ತಿದ್ದಳು. “ಏನ್ ಮುತ್ಯಾ?” ಎಂದಳು.

ಬಸಂತರಾಯರು ಅವಳನ್ನು ಎದೆಗವಚಿಕೊಂಡು ಅತ್ತೇಬಿಟ್ಟರು. ಆಮೇಲೆ ಕೂಸನ್ನು ವಿಜಯಶ್ರೀಯ ಮಡಿಲಿಗೆ ಹಾಕಿದರು.

“ನಾ ಬರೂತನಾ ಇಕಿ ಕೈ ಬಿಡಬ್ಯಾಡ.”

ಸಲಿಕೆ ಹೆಗಲಿಗಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಬಿಸಿಲಿಗಿಳಿದರು. ಚಿತ್ರ ಮುಗಿಯಲು ಇನ್ನೂ ನಲವತ್ತು ಸೆಕೆಂಡು ಇತ್ತು. ವಿಜಯಶ್ರೀ ಅದನ್ನು ಅಲ್ಲಿಗೇ ನಿಲ್ಲಿಸಿದಳು. ಮುಂದಿನದನ್ನು ನೋಡುವ ಧೈರ್ಯ ಅವಳಿಗೂ ಇರಲಿಲ್ಲ.