ಗ್ರೀಕರಿಗೆ ನಾನು ತೊಡಿಸಿದ ಬೆಳ್ಳಿ ಕಡಗ

1928ರಲ್ಲಿ, ಐದನೆಯ ಇಯತ್ತೆ ಅರ್ಧವಾಗಿದ್ದಾಗ, ನಾನು ಶಾಲೆ ಬಿಟ್ಟೆ. ಬಿಡಿಸಿದರು ಎಂದು ಯಾರಾದರೂ ಅಂದರೆ ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಮರುವಾರವೇ ಹುಬ್ಬಳ್ಳಿಯ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಲು ಸೇರಿದೆ. ಎಲ್ಲರಿಗಿಂತ ಮೊದಲು ಬರುತ್ತಿದ್ದೆ, ಎಂಟು ವರ್ಷ ನಿಂತೇ ದುಡಿದೆ. ಅಷ್ಟು ಕಾಲ ತಿರುಗುಮುರುಗಾದ ಅಕ್ಷರ ಓದಿದವನಿಗೆ ತಾನು ಪಂಡಿತನೆಂಬ ಭ್ರಮೆ ಹಿಡಿಯುತ್ತದೆ. ನನಗೆ ಎರಡನೆಯ ವರ್ಷವೇ ಹಿಡಿದಿತ್ತು.

ನಮ್ಮಲ್ಲಿ ಕುಳಿತು ಮಾಡುವ ಕೆಲಸ ಒಂದೇ, ಪ್ರೂಫ್ ತಿದ್ದುವುದು. ಆ ಕುರ್ಚಿಯಲ್ಲಿದ್ದ ಹಿರಿಯರು ಕಣ್ಣು ಮಂದವಾಗಿ ಕೆಲಸ ಬಿಟ್ಟಾಗ ಮಾಲಕರು ನನ್ನನ್ನೂ ನನ್ನ ಪಕ್ಕದಲ್ಲೇ ಮೊಳೆ ಜೋಡಿಸುತ್ತಿದ್ದ ಜೋಡಿಗಾರನನ್ನೂ ಕರೆದರು.

"ಧಾರವಾಡದ ಮಾಸ್ತರ ಪುಸ್ತಕ ಬಂದೈತಿ. ಸಾಲಿ ಕಮಿಟಿ ಮುಂದ ಹೋಗೂದೈತಿ, ತಪ್ಪು ಇರಬಾರದು. ನಿಮ್ಮಿಬ್ಬರೊಳಗ ಯಾರ ಕೆಲಸ ಛಲೋ ಆಗತೈತೋ ಅವಗ ಆ ಕುರ್ಚಿ."

ಜೋಡಿಗಾರ ಗೋಪನಕೊಪ್ಪದಿಂದ ನಡೆದು ಬರುತ್ತಿದ್ದ, ಮಾತು ಕಡಿಮೆ. ಕೈಬರಹಕ್ಕೆ ನೊಣ ಸತ್ತು ಅಂಟಿದ್ದರೆ ಅದಕ್ಕೂ ಒಂದು ಮೊಳೆ ಹುಡುಕುವವನು ಎಂದು ನಾನು ಅವನನ್ನು ಆಡಿಕೊಳ್ಳುತ್ತಿದ್ದೆ. ಕುರ್ಚಿ ನನಗೇ ಎಂದು ಮನೆಯಲ್ಲಿ ಹೇಳಿಯೂ ಬಿಟ್ಟಿದ್ದೆ.

ಪುಸ್ತಕ ಹಳೆಯ ಗ್ರೀಕರ ಆಟೋಟಗಳ ಮೇಲಿನದು. ನಾಲ್ಕು ವರ್ಷಕ್ಕೊಮ್ಮೆ ಒಲಿಂಪಿಯದಲ್ಲಿ ಪಂದ್ಯ. ಆದರೆ ಅದು ಊರಲ್ಲ, ಗುಡಿ ಮತ್ತು ಬಯಲು ಅಷ್ಟೇ. ನಡೆಸುವ ಊರು ಎಲಿಸ್, ಅಲ್ಲಿಂದ ಎರಡು ದಿನದ ನಡಿಗೆ. ಪಂಚರು ಆ ಊರಿನವರು, ಕಾಯಿದೆ ಆ ಊರಿನದು. ಓಡುವವರೂ ಕುಸ್ತಿ ಹಿಡಿಯುವವರೂ ಮೊದಲು ಒಂದು ತಿಂಗಳು ಅಲ್ಲೇ ಇದ್ದು ಪಂಚರ ಕಣ್ಣೆದುರು ಸಾಧನೆ ಮಾಡಬೇಕು. ಇದು ನನಗೆ ತಟ್ಟನೆ ತಿಳಿಯಿತು. ನಮ್ಮಲ್ಲೂ ಹಾಗೇ, ಬೆವರು ಹುಬ್ಬಳ್ಳಿಯಲ್ಲಿ, ಕಚೇರಿ ಧಾರವಾಡದಲ್ಲಿ. ಇಷ್ಟು ತಿಳಿದದ್ದೇ ನನ್ನನ್ನು ಕೆಡಿಸಿತು.

ಮುದ್ರಣಾಲಯದ ಪದ್ಧತಿಯಂತೆ ಕೈಬರಹದ ಹಾಳೆಗಳನ್ನು ಇಬ್ಬರಿಗೂ ಹಂಚಿದ್ದರು, ಒಂದು ನನಗೆ, ಮುಂದಿನದು ಅವನಿಗೆ. ಅವನ ಪಾಲಿನಲ್ಲಿ ಏನಿದೆಯೋ ನನಗೆ ಗೊತ್ತಾಗುತ್ತಿರಲಿಲ್ಲ. ನನ್ನ ಒಂದು ಹಾಳೆ ಹೀಗೆ ಮುಗಿದಿತ್ತು: ಗೆದ್ದವನ ತಲೆಗೆ ಆಲಿವ್ ಎಲೆಯ ದಂಡೆ ಕಟ್ಟುವರು.

ನಾನು ಗರಡಿಯವನು. ಕುಸ್ತಿಯಲ್ಲಿ ಬೆಳ್ಳಿ ಕಡಗ ಗೆದ್ದಿದ್ದೆ ಎಂದು ಬರೆಯಲು ಕೈ ತುರಿಸುತ್ತದೆ. ಗೆದ್ದದ್ದು ಒಂದು ತೆಂಗಿನಕಾಯಿ. ಆದರೂ ಎಲೆಗಾಗಿ ಯಾರು ಮೈ ಮುರಿದುಕೊಳ್ಳುತ್ತಾರೆ? ಮಾಸ್ತರರು ಬರೆಯಲು ಮರೆತಿದ್ದಾರೆ, ಪ್ರೂಫಿನಲ್ಲಿ ತಿದ್ದುತ್ತಾರೆ ಎಂದು ಕಾದೆ. ಪ್ರೂಫ್ ಧಾರವಾಡದಿಂದ ಹಾಗೆಯೇ ಮರಳಿತು. ಆಗ ಸಾಲುಗಳ ನಡುವಿನ ಸೀಸದ ಪಟ್ಟಿಗಳನ್ನು ಕಿತ್ತು ಜಾಗ ಮಾಡಿ, 'ಕೈಗೆ ಬೆಳ್ಳಿಯ ಕಡಗ ತೊಡಿಸಿ ರೇಷ್ಮೆಯ ರುಮಾಲು ಸುತ್ತುವರು' ಎಂದು ಸೇರಿಸಿದೆ. ಅದೇ ಪುಟದಲ್ಲಿ ಆ ಗ್ರೀಕರು ಬತ್ತಲೆ ಓಡುತ್ತಿದ್ದರು. ಲಂಗೋಟಿಯನ್ನೂ ಕಟ್ಟಿಸಿದೆ.

ಐನೂರು ಹಾಳೆ ಅಚ್ಚಾದ ಮೇಲೆ ಮಾಸ್ತರರು ನೋಡಲು ಬಂದರು. ತೆಳ್ಳನೆಯ ನಿವೃತ್ತ ಮನುಷ್ಯ, ಜೀವಮಾನದಲ್ಲಿ ಬರೆದದ್ದು ಇದೊಂದೇ ಪುಸ್ತಕ. ಓದುತ್ತಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಈ ಕಡಗ ಯಾರು ಕೊಟ್ಟರಪಾ?"

"ನಾನರಿ. ನೀವು ಮರತೀರಿ ಅಂತ ತಿಳಕೊಂಡ್ನಿರಿ."

"ಎಷ್ಟು ತೊಲಿದು?"

ನಾನು ಬೆರಳಿನ ಮಸಿ ಒರೆಸತೊಡಗಿದೆ.

"ಸಾವಿರ ವರ್ಷ ಆಟ ನಡಿಸಿದ ಊರಿನವರು ಕೊಡಲಾರದ್ದನ್ನ ನೀ ಒಂದು ಮುಂಜಾನ್ಯಾಗ ಕೊಟ್ಟುಬಿಟ್ಟಿ. ದಾನಶೂರ ಇದ್ದಿ ನೀನು. ಮುಂದಿನ ಪುಟ ಓದು."

ಜೋಡಿಗಾರ ಜೋಡಿಸಿದ್ದ ಪುಟ. ಎಲೆಯ ಹೊರತು ಅಲ್ಲಿ ಬೇರೆ ಬಹುಮಾನವೇ ಇರಲಿಲ್ಲ, ಆ ಪಂದ್ಯದ ಹಿರಿಮೆ ಅದೇ ಎಂದು ಇಡೀ ಪುಟ ಬಿಡಿಸಿ ಹೇಳಿತ್ತು. ನನ್ನ ಕಿವಿ ಬಿಸಿಯಾದವು. ಆದರೂ ಬಾಯಿ ನಿಲ್ಲಲಿಲ್ಲ.

"ಬರೇ ಎಲಿಗೆ ಯಾಂವ ಕುಸ್ತಿ ಹಿಡೀತಾನ್ರಿ ಮಾಸ್ತರ?"

"ಗೆದ್ದಾಂವ ತನ್ನ ಊರಿಗೆ ಹೋದ ಮ್ಯಾಲೆ ಅವಗ ಸಾಯೂತನಕ ಊಟ ಹಾಕೋ ಊರುಗಳಿದ್ದವೋ."

"ಅದನ್ನ ಬರದಿಲ್ಲಲ್ಲರಿ ನೀವು. ಬರದಿದ್ದರ ನಾ ಯಾಕ ಕಡಗ ಹುಡಕ್ತಿದ್ದೆ?"

ಮಾಲಕರು ಹಲ್ಲು ಕಡಿದರು. "ಏ, ತಪ್ಪು ಮಾಡಿ ಮಾಸ್ತರಗ ಪಾಠ ಹೇಳ್ತೀಯೇನಲೇ?"

ಮಾಸ್ತರರು ಪೆನ್ಸಿಲ್ ಕೇಳಿ, ಊಟದ ಮಾತನ್ನು ಒಂದು ಸಾಲಿನಲ್ಲಿ ಬರೆದುಕೊಟ್ಟರು.

"ಕಡಗ ತಗಿ, ರುಮಾಲು ತಗಿ. ಲಂಗೋಟಿ ಇರಲಿ. ಕಮಿಟಿಯೊಳಗ ಹಿರಿಯರು ಕೂಡತಾರ."

ಐನೂರು ಹಾಳೆ ರದ್ದಿಗೆ ಹೋದವು. ಎರಡು ಭಾನುವಾರ ನಾನೊಬ್ಬನೇ ಬಂದು ಆ ಪುಟ ಬಿಚ್ಚಿ ಕಟ್ಟಿ ಮತ್ತೆ ಅಚ್ಚು ಹಾಕಿದೆ. ಪುಸ್ತಕ ಕಮಿಟಿಯಲ್ಲಿ ಪಾಸಾಯಿತು. ಕುರ್ಚಿ ಜೋಡಿಗಾರನಿಗೆ ಹೋಯಿತು. ಕೂರುವ ಮೊದಲು ಅವನು ನನ್ನ ಕಡೆ ನೋಡಿ, "ನೊಣ ಕಂಡರ ಕರೀಲೇನು?" ಅಂದ. ಮಾತು ಕಡಿಮೆಯವನಾದ್ದರಿಂದ ಆ ಒಂದು ಮಾತು ವಾರಗಟ್ಟಲೆ ನನ್ನ ಕಿವಿಯಲ್ಲಿ ಉಳಿಯಿತು.

ನಾನು ಇನ್ನೂ ಹತ್ತು ವರ್ಷ ನಿಂತೇ ದುಡಿದು ಸ್ವಂತದ್ದೊಂದು ಸಣ್ಣ ಅಚ್ಚುಕೂಟ ಹಾಕಿದೆ. ಹೆಚ್ಚಾಗಿ ಲಗ್ನಪತ್ರಿಕೆಗಳೇ. ಕೊಟ್ಟದ್ದನ್ನು ಕೊಟ್ಟ ಹಾಗೆ ಜೋಡಿಸುತ್ತೇನೆ. ಈಗ ನನ್ನ ಹತ್ತಿರ ಕಾಲಿನಿಂದ ತುಳಿಯುವ ಒಂದು ಟ್ರೆಡಲ್ ಮಶೀನು, ಹದಿನಾಲ್ಕು ಕೇಸು ಮೊಳೆ, ಕೆಲಸಕ್ಕೆ ಇಬ್ಬರು, ಬಾಡಿಗೆಯ ಎರಡು ಖೋಲಿ, ಮೂರು ಮಕ್ಕಳು.