ಕಂಬಳಿ ಕಟ್ಟಿದ ಕೋಣೆಯಲ್ಲಿ ಆಡದ ಮಾತು

ನಾನು ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು. ಮತ್ತೋಡು ಎಂಬ ಊರಿನಿಂದ ಇನ್ನೂ ಸ್ವಲ್ಪ ಆಚೆಗಿರುವ ಹಳ್ಳಿಯಲ್ಲಿ ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುತ್ತೇನೆ. ಪೇಪರ್ ಓದಲು ಬರುವ ಗಂಡಸರು ನನ್ನ ಮುಖ ನೋಡಿಯೇ ಬೀಡಿಯನ್ನು ಹೊರಗೆ ಬಿಸಾಡಿ ಒಳಗೆ ಬರುತ್ತಾರೆ. ಅಂಥ ನನ್ನ ಬಾಯಿಯೇ ಕಟ್ಟಿಹೋದ ಒಂದು ಸಂಜೆಯ ಕಥೆ ಇದು.

ಆ ವರ್ಷ ಮಳೆಗಾಲದಲ್ಲಿ ನಮ್ಮ ಲೈಬ್ರರಿಗೆ ಹೊಸ ಕೆಲಸವೊಂದು ಬಂತು. ಕಂಪ್ಯೂಟರಿಗೆ ಕನ್ನಡ ಮಾತು ಕಲಿಸುವ ಕೆಲಸ. ಓದು ಬಾರದವರೂ ಫೋನನ್ನು ಬಾಯಲ್ಲೇ ಕೇಳಿ ಬಾಯಲ್ಲೇ ಉತ್ತರ ಪಡೆಯುವಂತಾಗಬೇಕಂತೆ. ಅದಕ್ಕೆ ಪೇಟೆಯವರ ಕನ್ನಡ ಒಂದೇ ಸಾಲದು, ಊರೂರಿನ ದನಿ ಬೇಕು. ಫೋನಿನ ಮೇಲೆ ಒಂದೊಂದೇ ವಾಕ್ಯ ಬರುತ್ತದೆ, ಹೆಂಗಸರು ಅದನ್ನು ಇದ್ದದ್ದು ಇದ್ದ ಹಾಗೆ ಓದಬೇಕು, ರಾಗ ಮಾತ್ರ ತಮ್ಮದೇ ಇರಬೇಕು. ಮಾತಾಡಿದರೆ ಕೂಲಿ ಎಂದು ಗೊತ್ತಾದ ದಿನ ಊರಲ್ಲಿ ನಗುವೋ ನಗು. "ನಮ್ಮತ್ತೇನ ಕರ್ಕಂಡೋಗ್ರಿ, ಒಂದೇ ತಿಂಗ್ಳಿಗೆ ಕಂಪ್ನಿ ಮುಳುಗ್ತೈತೆ" ಎಂದಳು ಒಬ್ಬಳು.

ಹಾಗೆಂದವಳು ಕುರಿ ಹಟ್ಟಿಯ ಸೊಸೆ. ಹತ್ತನೇ ಕ್ಲಾಸಿನವರೆಗೆ ಓದಿದ್ದಳು, ದನಿ ಕಂಚಿನ ಗಂಟೆಯಂತಿತ್ತು. ಲೈಬ್ರರಿಯ ಮೇಲಿನ ಖಾಲಿ ಕೋಣೆಯಲ್ಲಿ ದನಿ ಗೋಡೆಗೆ ಬಡಿದು ಎರಡೆರಡು ಸಲ ಕೇಳುತ್ತಿದೆ ಎಂದು ನಾನು ತಲೆ ಚಚ್ಚಿಕೊಳ್ಳುತ್ತಿದ್ದಾಗ, ಮನೆಯಿಂದ ಕಂಬಳಿಗಳನ್ನು ಹೊತ್ತು ತಂದು ನಾಲ್ಕು ಗೋಡೆಗೂ ಕಟ್ಟಿದವಳು ಅವಳೇ. ಕೋಣೆಯೆಲ್ಲ ಕುರಿ ಉಣ್ಣೆಯ ವಾಸನೆ. ಫ್ಯಾನು ಹಾಕುವಂತಿಲ್ಲ, ಕಿಟಕಿ ತೆರೆಯುವಂತಿಲ್ಲ. ಬೆವರು ಒರೆಸಿಕೊಳ್ಳುತ್ತಾ ಹೆಂಗಸರು ಸರದಿಯಲ್ಲಿ ಓದುತ್ತಿದ್ದರು. ಪಕ್ಕದ ಹಿಟ್ಟಿನ ಗಿರಣಿ ಶುರುವಾದರೆ ಕೆಲಸ ಬಂದ್, ಹುಂಜ ಕೂಗಿದರೆ ಓದಿದ್ದೆಲ್ಲ ವಾಪಸ್. ನಾನು ಎರಡು ಹುಂಜಗಳಿಗೆ ಶಾಪ ಹಾಕಿದ್ದೂ ಉಂಟು.

ಅವಳಿಗೆ ಈ ಕೆಲಸ ಎಷ್ಟು ಮುಖ್ಯ ಎಂಬುದು ನನಗೆ ಗೊತ್ತಿತ್ತು. ಮದುವೆಯಾದಾಗಿನಿಂದ ಪ್ರತಿ ವರ್ಷ ದೀಪಾವಳಿ ಕಳೆಯುತ್ತಲೇ ಮಂದೆಯ ಹಿಂದೆ ನಡೆದಿದ್ದಾಳೆ. ಭದ್ರಾ ಕಾಲುವೆ ಸೀಮೆಯ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ, ಬಯಲಲ್ಲಿ ಉಂಡು ಮಲಗಿ, ತಿಂಗಳುಗಟ್ಟಲೆ ಊರ ಮುಖ ನೋಡುವಂತಿಲ್ಲ. "ಒಂದ್ ವರ್ಷನಾದ್ರೂ ಒಂದೇ ಕಡೆ ಕುಂತು ಏನಾರ ಕಲೀಬೇಕಕ್ಕ" ಅನ್ನುತ್ತಿದ್ದಳು. ಓದುವ ಸರದಿ ಮುಗಿದ ಮೇಲೂ ಕೆಳಗೆ ಬಂದು ಲೈಬ್ರರಿಯ ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಅಕ್ಷರ ಕುಟ್ಟುತ್ತಿದ್ದಳು. ಅವಳ ಅತ್ತೆಯದು ಕಡ್ಡಿ ಮುರಿದಂಥ ಮಾತು. "ದೀಪಾವಳಿ ಹೊತ್ತಿಗೆ ಈ ಕೆಲ್ಸ ಗಟ್ಟಿಯಾದ್ರೆ ನಿಲ್ಲು. ಇಲ್ದಿದ್ರೆ ಮರಿ ಎತ್ಕಂಡು ನಮ್ಮ ಜತೆ ನಡಿ."

ಆದರೆ ಅವಳು ಓದಿದ್ದೇ ವಾಪಸ್ ಬರತೊಡಗಿತು. ಓದಿದ್ದು ಬರಹಕ್ಕೆ ಹೊಂದುತ್ತಿಲ್ಲವಂತೆ. ಒಮ್ಮೆ ಬಂತು, ಮತ್ತೊಮ್ಮೆ ಬಂತು. ಮೂರನೆಯ ಸಲವೂ ಹೀಗಾದರೆ ಈ ಕೆಲಸಕ್ಕೆಂದು ಅವಳಿಗೆ ಕೊಟ್ಟ ನಂಬರು ತಾನೇ ಮುಚ್ಚಿ ಕೆಲಸವೂ ಹೋಗುತ್ತದೆ, ಅದು ಕಂಪನಿಯವರ ನಿಯಮ. ಇಷ್ಟು ಚೆನ್ನಾಗಿ ಓದುವವಳದ್ದು ಹೇಗೆ ತಪ್ಪುತ್ತದೆ ಎಂದು ನಾನೇ ಕೂತು ಕೇಳಿದೆ. ಪರದೆಯ ಮೇಲೆ "ಮನೆಯಲ್ಲಿ ಅಕ್ಕಿ ಮುಗಿದಿದೆ" ಎಂದಿದ್ದರೆ ಅವಳ ದನಿ "ಮನೆಯಲ್ಲಿ ಅಕ್ಕಿ ಹೆಚ್ಚಾಗಿದೆ" ಅನ್ನುತ್ತಿದೆ. "ಬಾಗಿಲು ಮುಚ್ಚು" ಎಂದಿದ್ದರೆ "ಬಾಗಿಲು ಮುಂದೆ ಮಾಡು." "ನಾನು ಹೋಗುತ್ತೇನೆ" ಎಂದಿದ್ದರೆ "ನಾನು ಹೋಗಿ ಬರುತ್ತೇನೆ."

"ಏ ತಾಯಿ, ಕಣ್ಣು ಕಾಣ್ತೈತೋ ಇಲ್ವೋ ನಿಂಗೆ?" ಎಂದು ರೇಗಿದೆ.

"ಗೊತ್ತೇ ಆಗ್ಲಿಲ್ಲಕ್ಕ. ಬಾಯಿ ತಾನೇ ಹಂಗಂತೈತೆ" ಎಂದು ಅವಳು ಬಾಯಿಗೆ ಸೆರಗು ಹಿಡಿದಳು. ನೋಡಿದರೆ ಉಳಿದ ಹೆಂಗಸರದ್ದೂ ಅಲ್ಲೊಂದು ಇಲ್ಲೊಂದು ಹೀಗೇ ಆಗಿತ್ತು. ಮನೆಯಲ್ಲಿ ಏನಾದರೂ ಮುಗಿಯಿತು, ಮುಚ್ಚಿತು, ಆರಿತು ಅನ್ನಬಾರದು ಎಂದು ಹುಟ್ಟಿದಾಗಿನಿಂದ ಕೇಳಿ ಬೆಳೆದವರಲ್ಲವೇ ನಾವೆಲ್ಲ. ಅವಳ ಬಾಯಲ್ಲಿ ಅದು ಸ್ವಲ್ಪ ಹೆಚ್ಚು ಗಟ್ಟಿಯಾಗಿ ಕೂತಿತ್ತು, ಅಷ್ಟೆ.

ಮೂರನೆಯ ಸಲ ನಾನು ಪಕ್ಕದಲ್ಲೇ ಕೂತೆ. ಗಿರಣಿ ನಿಲ್ಲಲಿ ಎಂದು ಕಾದು ಕಾದು, ಶುರು ಮಾಡುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಅವಳು ಒಂದೊಂದು ಅಕ್ಷರಕ್ಕೂ ಬೆರಳಿಟ್ಟು ಓದಿದಳು. ಹಲ್ಲು ಕಚ್ಚಿ "ಅಕ್ಕಿ ಮುಗಿದಿದೆ" ಅಂದಳು. "ಬಾಗಿಲು ಮುಚ್ಚು" ಅಂದಳು. ಇನ್ನೇನು ಗೆದ್ದೆವು ಎನ್ನುವಾಗ "ದೀಪ ಆರಿಹೋಯಿತು" ಎಂಬ ವಾಕ್ಯ ಬಂತು. ಅವಳ ಬೆರಳು ಅಲ್ಲೇ ನಿಂತಿತು.

"ಓದು."

ಅವಳು ಪರದೆಯ ಮೇಲಿಂದ ಬೆರಳು ತೆಗೆದಳು.

"ಓದೇ, ಇನ್ನು ನಾಕೇ ನಾಕು ಅವೆ. ಬಾಯಲ್ಲಿ ಒಂದ್ಸಲ ಅಂದ್ರೆ ಯಾವ ಆಕಾಶ ಬೀಳ್ತೈತೆ?"

ಅವಳು ಫೋನನ್ನು ನನ್ನ ಮಡಿಲಲ್ಲಿಟ್ಟಳು. "ಬಾಯಲ್ಲಿ ಆಡಿದ್ದು ಗಾಳಿಗೆ ಹೋಗ್ತೈತಕ್ಕ. ಇದ್ರಾಗೆ ಆಡಿದ್ದು ಹೋಗಲ್ಲ ಅಂತ ನೀವೇ ಅಂದ್ರಲ್ಲ. ನಾನು ಇರ್ಲಿ ಬಿಡ್ಲಿ, ನನ್ ದನಿ ಇರ್ತೈತೆ. ಯಾರ್ ಮನೇಲೋ ಯಾರೋ ಹೆಣ್ಮಗಳು ದೀಪ ಹಚ್ಚಾ ಹೊತ್ನಾಗೆ ನನ್ ದನಿ ಹೋಗಿ ಈ ಮಾತು ಆಡ್ಬೇಕಾ? ನನ್ ಕೈಲಿ ಆಗಲ್ಲ. ಮಂದೆ ಹಿಂದೆ ನಡೀತೀನಿ ಬಿಡ್ರಿ."

ಇಷ್ಟು ದಿನ ನಾವೆಲ್ಲ ಆ ಫೋನನ್ನು ದನಿ ತುಂಬುವ ಚೀಲ ಎಂದುಕೊಂಡಿದ್ದೆವು. ತುಂಬಿದರೆ ಕೂಲಿ. ಅದರ ಆ ತುದಿಯಲ್ಲಿ ಒಂದು ಮನೆಯಿದೆ, ಅಲ್ಲೊಂದು ದೀಪ ಉರಿಯುತ್ತಿದೆ, ಅಲ್ಲಿ ಕೇಳಿಸಿಕೊಳ್ಳುವ ಕಿವಿಯಿದೆ ಎಂದು ನನಗಂತೂ ಹೊಳೆದಿರಲಿಲ್ಲ. ನಮ್ಮೂರ ಕಂಬಳಿಗಳ ನಡುವೆ ಕೂತು ಅವಳು ಅಷ್ಟು ದೂರ ನೋಡಿಬಿಟ್ಟಿದ್ದಳು. ಅಬ್ಬಾ! ಕೈಮುಗಿಯಬೇಕು ಅನ್ನಿಸಿತು. ಅದರ ಬದಲು "ಏಳು, ಮನೆಗೆ ನಡಿ, ನಾಳೆ ನೋಡಾಣ" ಎಂದು ಗದರಿ ಕಳಿಸಿದೆ.

ಮರುದಿನ ಆ ಕೆಲಸದ ಆಫೀಸಿಗೆ ಫೋನು ಹಚ್ಚಿದೆ. ಎತ್ತಿದವಳು ಕರಾವಳಿ ಕಡೆಯ ಹುಡುಗಿ. "ರೂಲ್ಸ್ ಹಾಗೆ ಉಂಟು ಮೇಡಂ, ನಾನೇನು ಮಾಡ್ಲಿ?" ಅಂದಳು.

"ರೂಲ್ಸು ಮನೆ ಹಾಳಾಗ. ನಿಮ್ಮ ಮಿಷನ್ನು ನಮ್ಮೂರಿಗೆ ಬಂದು ಯಾರ ಮಾತು ಕೇಳಬೇಕು, ಹೇಳಮ್ಮ? ಇಲ್ಲಿ ಯಾರೂ ದೀಪ ಆರಿತು ಅನ್ನಲ್ಲ, ದೊಡ್ಡದಾಯ್ತು ಅಂತಾರೆ. ಯಾರೂ ಆಡದ ಮಾತು ಕಲ್ತು ಅದು ಯಾರನ್ನು ಉದ್ಧಾರ ಮಾಡ್ತೈತೆ?" ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ.

"ನಮ್ಮ ಅಜ್ಜಿ ಸಹ ಹಾಗೇ ಹೇಳ್ತಿದ್ರು" ಎಂದಳು ಆ ಹುಡುಗಿ ಮೆಲ್ಲಗೆ. "ಮೇಲಿನವರನ್ನು ಕೇಳಿ ನೋಡ್ತೇನೆ. ಆಗ್ತದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ."

ದಸರೆ ಹೊತ್ತಿಗೆ ಉತ್ತರ ಬಂತು. ಬಾಯಿಗೆ ಬಾರದ ವಾಕ್ಯವನ್ನು ಬಿಡಬಹುದು. ಅದರ ಬದಲು ಮನೆಯಲ್ಲಿ ಹೇಗೆ ಅನ್ನುತ್ತೀರೋ ಹಾಗೆ ಅಂದು, ಅದನ್ನು ಯಾವಾಗ ಅನ್ನುತ್ತೀರಿ ಎಂಬುದನ್ನೂ ಹೇಳಿ. ಮಿಷನ್ನಿಗೆ ಅರ್ಥವಾದರೆ ನಿಮ್ಮ ಊರಿಗೆ ಇದೇ ಹೊಸ ಕೆಲಸ, ಆಗದಿದ್ದರೆ ಅವಳ ನಂಬರಿನ ಆಸೆ ಬಿಡಿ. ಆಮೇಲೆ ನೋಡಬೇಕಿತ್ತು ನಮ್ಮ ಕೋಣೆಯನ್ನು! ಇವಳು ಒಂದು ಮಾತು ತೆಗೆದರೆ ಇನ್ನೊಬ್ಬಳು ಎರಡು ತೆಗೆಯುವಳು. ಬಳೆ ಒಡೆದರೆ ಏನನ್ನಬೇಕು, ದೀಪ ಹಚ್ಚಿದ ಮೇಲೆ ಉಪ್ಪು ಕೇಳಿದರೆ ಏನನ್ನಬೇಕು, ಮಗು ಚೆನ್ನಾಗಿ ಮೈತುಂಬಿಕೊಂಡರೆ ಏನನ್ನಬಾರದು. ಕೇಡನ್ನು ಬಾಯಿಂದ ಹೊರಗಿಡಲು ಎಷ್ಟು ತಲೆಮಾರಿನ ಹೆಂಗಸರು ಎಷ್ಟು ಜೋಪಾನ ಮಾಡಿದ್ದಾರೆ ಎಂದು ಕೇಳುತ್ತಾ ಕೂತ ನನಗೆ ಊಟದ ನೆನಪೂ ಆಗುತ್ತಿರಲಿಲ್ಲ.

ದೀಪಾವಳಿ ಕಳೆಯಿತು. ಆಫೀಸಿನಿಂದ ಸುದ್ದಿಯಿಲ್ಲ. ಮಂದೆ ಹೊರಡುವ ಬೆಳಿಗ್ಗೆ ಅವಳ ಅತ್ತೆಯವರು ಮೆಟ್ಟಿಲು ಹತ್ತಿ ಬಂದರು, ದಾರಿಗೆ ಬೇಕಾದ ಕಂಬಳಿಗಳನ್ನು ಬಿಚ್ಚಿಕೊಂಡು ಹೋಗಲು. ಸೊಸೆ ಆಗಲೇ ಬಟ್ಟೆ ಗಂಟು ಕಟ್ಟಿ ತಂದು ಬಾಗಿಲಲ್ಲಿಟ್ಟಿದ್ದಳು. ಒಂದು ಕಂಬಳಿ ಬಿಚ್ಚಿದ್ದೂ ಆಯಿತು. ಅಷ್ಟರಲ್ಲಿ ಕರಾವಳಿಯ ಹುಡುಗಿಯ ಫೋನು ಬಂತು.

"ನಿಮ್ಮ ಮಾತು ಕಲಿತ ಮಿಷನ್ನನ್ನು ನಿಮ್ಮ ಫೋನಿಗೆ ಕಳಿಸಿದ್ದೇನೆ ಮೇಡಂ, ಮಾತಾಡಿಸಿ ನೋಡಿ" ಎಂದಳು.

ಸೊಸೆ ಫೋನನ್ನು ಬಾಯಿಯ ಹತ್ತಿರ ಹಿಡಿದು "ಮನೇಲಿ ಅಕ್ಕಿ ಹೆಚ್ಚಾಗೈತೆ" ಅಂದಳು. ಪರದೆಯ ಮೇಲೆ ಅವಳ ಮಾತು ಹಾಗೇ ಮೂಡಿತು. ಅದರ ಕೆಳಗೆ ಇನ್ನೊಂದು ಸಾಲು: "ಅಕ್ಕಿ ಇಲ್ಲ, ತರಬೇಕು." ಅವಳು ಕಿಟಾರನೆ ಕಿರುಚಿದಳು. ನನಗೆ ಕಣ್ಣಲ್ಲಿ ನೀರೇ ಬಂತು. ಒಂದು ಅಂಗೈಯಗಲದ ವಸ್ತುವಿಗೆ ನಮ್ಮವ್ವಂದಿರ ಮಾತು ತಿಳಿಯಿತಲ್ಲ, ದೇವರೇ!

"ಏನಂತೈತೆ ಅದು?" ಎಂದರು ಅತ್ತೆ, ಕಂಬಳಿ ಹೆಗಲ ಮೇಲೆ ಹಾಕಿಕೊಂಡೇ.

"ನಾವ್ ಅಂದಿದ್ದು ತಿಳೀತಂತೆ ಅತ್ತೆ."

"ಕುಂತ್ಕಳ್ರಿ ಅಮ್ಮ, ನೀವೂ ಒಂದು ಮಾತಾಡ್ರಿ" ಎಂದೆ.

"ಕುಂತ್ಕಂಬಾಕೆ ಹೊತ್ತೆಲ್ಲೈತೆ, ಕುರಿ ಆಗ್ಲೇ ಹೊಂಟವೆ." ಅವರು ಫೋನಿನ ಹತ್ತಿರ ಬಗ್ಗಿ, ನೆಂಟರ ಮನೆಯಿಂದ ಹೊರಡುವವರ ಹಾಗೆ ಅದಕ್ಕೆ ಹೇಳಿದರು: "ಬರ್ತೀನಪ್ಪ."

ಸೊಸೆ ಕೆಳಗಿನ ಸಾಲನ್ನು ಓದಿ ಹೇಳಿದಳು. "ಈಗ ಹೊರಡುತ್ತಿದ್ದೇನೆ, ತಿರುಗಿ ಬರುತ್ತೇನೆ."

ಅವರು ಒಂದು ಗಳಿಗೆ ಫೋನನ್ನೇ ನೋಡಿದರು. "ಹೂಂ ಮತ್ತೆ, ಬರ್ದೆ ಎಲ್ಲಿಗೋಗ್ಲಿ" ಎಂದು ಅದಕ್ಕೇ ಉತ್ತರ ಕೊಟ್ಟರು. ಆಮೇಲೆ ಹೆಗಲ ಮೇಲಿನ ಕಂಬಳಿ ತೆಗೆದು ಸೊಸೆಯ ಕೈಗಿಟ್ಟು, "ಇದ್ನ ಇದ್ದಲ್ಲೇ ಕಟ್ಟು" ಎಂದು, ಅವಳನ್ನು ಕರೆಯದೆ ಮೆಟ್ಟಿಲಿಳಿದು ಹೋದರು.